ಜೋಡಿ ಗೂಡಿನ ಸದ್ದು

ಟಕ್... ಟಕ್.

ಹಣ್ಣಾದ ರೇಷ್ಮೆ ಹುಳಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ ಗಂಗುಲಮ್ಮನ ಕೈ ಹಾಗೇ ನಿಂತಿತು.

ಮುಸ್ಸಂಜೆ. ಹುಳದ ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ.

'ಮತ್ತೆ ಬಂದೆಯಾ ಅಖ್ತರಿ? ಸತ್ತ ಮೇಲೂ ನನ್ನ ಬಿಡಲ್ವೇನೇ...'

ಅಖ್ತರಿ, ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಹುಸೇನ್ ಸಾಬರ ಮಗಳು. ಗಂಗುಲಮ್ಮನ ಮನೆಯ ಗೂಡೆಲ್ಲ ಹೋಗುತ್ತಿದ್ದದ್ದು ಅವರಲ್ಲಿಗೇ. ಗಾಡಿಯ ಜೊತೆ ಗಂಗುಲಮ್ಮನೂ ಹೋಗಿ, ಗೆಳತಿಯ ಪಕ್ಕ ಕೂತು ಗೂಡು ಆರಿಸುತ್ತಿದ್ದಳು.

ಎರಡು ಹುಳ ಸೇರಿ ಕಟ್ಟಿದ ಒಂದೇ ಗೂಡು ಸಿಕ್ಕಿದರೆ ಅಖ್ತರಿಗೆ ಹಬ್ಬ!

"ಇದರ ನೂಲು ಸಿಕ್ಕಾಗುತ್ತೆ, ಬಿಸಾಕು ಅಂತಾರೆ ಅಬ್ಬಾ. ನಂಗೆ ಇದೇ ಬೇಕು. ನೋಡೇ ಗಂಗೂ, ಒಳಗೆ ನೀನೊಬ್ಳು, ನಾನೊಬ್ಳು!"

ಒಣಗಿದ ಗೂಡನ್ನು ಗಂಗುಲಮ್ಮನ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಗಲ್ ಗಲ್...

ಹೋದ ವರ್ಷ, ಐವತ್ತೇಳರ ಬೇಸಿಗೆಯಲ್ಲಿ, ಅಖ್ತರಿಯ ಬೀದಿಗೆ ಸಿಡುಬು ಬಂತು. ಆಗಲೂ ಇಲ್ಲಿ ಹುಳ ಹಣ್ಣಾಗಿತ್ತು. ಹುಳ ಗೂಡು ಕಟ್ಟುವಾಗ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಕಾಯಿಲೆ ಬೀದಿಯವರಿಗಂತೂ ಬಾಗಿಲೇ ತೆರೆಯುವಂತಿಲ್ಲ.

ಟಕ್... ಟಕ್. ಗಲ್ ಗಲ್...

"ಗಂಗೂ, ಒಂದ್ಸಲ ಮುಖ ತೋರ್ಸೇ. ನಾವು ಊರು ಬಿಟ್ಟು ಚಿಂತಾಮಣಿಗೆ ಹೋಗ್ತಿದೀವಿ..." ಹೊರಗಿನಿಂದ ಅಖ್ತರಿಯ ದನಿ.

ಗಂಗುಲಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ತೆಗೆಯಲಿಲ್ಲ. ಮಾತೂ ಆಡಲಿಲ್ಲ.

ಆಮೇಲೆ ಒಂದು ದಿನ ಗಾಡಿ ಹೊಡೆಯುವ ಕೋನಪ್ಪ ಸುದ್ದಿ ತಂದ. "ಹುಸೇನ್ ಸಾಬ್ರ ಮಗಳನ್ನ ಮಣ್ಣು ಮಾಡಿದ್ರಂತಮ್ಮ."

ಅಂದಿನಿಂದ ಪ್ರತಿ ಬೆಳೆಗೂ, ಹುಳ ಹಣ್ಣಾದಾಗ, ಬಾಗಿಲು ಬಡಿಯುತ್ತಿತ್ತು. ಅವಳೊಬ್ಬಳಿಗೇ ಕೇಳುತ್ತಿತ್ತು!

ತಾಯಿ ಆದಿಲಕ್ಷ್ಮಮ್ಮ ತಾಯಿತ ಕಟ್ಟಿಸಿದಳು, ಬೈದಳು, ಕೊನೆಗೆ ಅತ್ತಳು. "ಬಂದ ಸಂಬಂಧ ಎಲ್ಲಾ ಬೇಡ ಅಂತೀಯ. ಗಂಡ ಸತ್ರೂ ಯಾರೂ ಇಷ್ಟು ಅಳಲ್ಲ ಕಣಮ್ಮ!"

"ಗಂಡ ಸತ್ರೆ ಊರೇ ಬಂದು ಜೊತೇಲಿ ಅಳುತ್ತೆ. ಗೆಳತಿ ಸತ್ರೆ ಒಬ್ಳೇ ಅಳ್ಬೇಕಲ್ಲಮ್ಮ..."

ಟಕ್... ಟಕ್.

ಈ ಸಲ, ಪಕ್ಕದಲ್ಲಿ ಹುಳ ಆರಿಸುತ್ತಿದ್ದ ಅಮ್ಮನೂ ತಿರುಗಿ ನೋಡಿದಳು!

"ಅಮ್ಮಾ... ನಿಂಗೂ ಕೇಳಿಸ್ತಾ?"

ಆದಿಲಕ್ಷ್ಮಮ್ಮನ ಮುಖ ಬಿಳುಚಿಕೊಂಡಿತು. "ಅಯ್ಯೋ ದೇವುಡಾ! ತೆಗೀಬೇಡ್ವೇ, ಬೆಳೆ ಹಾಳಾಗುತ್ತೆ!"

ಗಲ್ ಗಲ್...

"ಹೋದ್ ವರ್ಷ ಅವಳು ಬಂದಾಗ್ಲೂ ಇದೇ ಅಂದೆ ಅಮ್ಮ. ದೆವ್ವ ಆದ್ರೇನು, ನನ್ನ ಅಖ್ತರಿ ತಾನೇ!"

ಅಗುಳಿ ಸರಿಯಿತು.

ಗಂಗುಲಮ್ಮ ಮೊದಲು ನೋಡಿದ್ದು ಪಾದಗಳನ್ನು. ಹಿಂದುಮುಂದಾಗಿರಲಿಲ್ಲ...

"ಏನೇ, ಕಾಲು ನೋಡ್ತೀಯಾ? ತಿರುಗಿಲ್ಲ ಬಿಡು. ಮುಖ ಮಾತ್ರ ಹೀಗಾಯ್ತು." ಮುಖದ ತುಂಬಾ ಸಿಡುಬಿನ ಕಲೆ. ನಗು ಮಾತ್ರ ಅದೇ. ಕೈಯಲ್ಲಿ ಹಳೇ ಜೋಡಿ ಗೂಡು.

"ಮಣ್ಣು ಮಾಡಿದ್ರು ಅಂದ್ರು..."

"ಅದು ನಮ್ಮ ದಿಲ್ಷಾದ್ ಕಣೇ. ನನ್ನ ತಂಗಿ." ಅಖ್ತರಿಯ ದನಿ ಒಡೆಯಿತು. "ನೀನು ಬಾಗ್ಲು ತೆಗೀಲಿಲ್ಲ. ನಾನು ಬೇಡವಾದೆ ಅಂದ್ಕೊಂಡೆ. ಆಮೇಲೆ ಈ ಮುಖ ಹೊತ್ಕೊಂಡು ಹೇಗೆ ಬರ್ಲಿ?"

"ಮತ್ತೆ ಇವತ್ತು?"

"ಚಿಂತಾಮಣಿ ಸಂತೇಲಿ ಕೋನಪ್ಪಣ್ಣ ನನ್ನ ನೋಡಿ ಕಿರುಚ್ಕೊಂಡು ಓಡ್ದ! ಅಟ್ಟಿಸ್ಕೊಂಡು ಹೋಗಿ ಹಿಡಿದೆ. ನಾನು ಸತ್ತು ದೆವ್ವ ಆದೆ ಅಂತ ನೀನು ಅಳ್ತಾ ಕೂತಿದೀಯ ಅಂದ."

ಗಂಗುಲಮ್ಮ ನಕ್ಕಳೋ, ಅತ್ತಳೋ... "ಭಯ ಆಯ್ತು ಕಣೇ ಆವತ್ತು. ಅಷ್ಟೇ. ನೀನು ಬೇಡ ಅಂತ ಅಲ್ಲ. ಒಳಗೆ ಬಾ."

ಅಖ್ತರಿ ಒಂದು ಹೆಜ್ಜೆ ಹಿಂದೆ ಸರಿದಳು. "ಬೇಡ. ಹುಳ ಗೂಡು ಕಟ್ತಿದೆ. ಇಲ್ಲೇ ನಿಂತ್ಕೋತೀನಿ."

ಗಂಗುಲಮ್ಮ ಹೊಸಿಲು ದಾಟಿ, ಹಿಂದೆ ಬಾಗಿಲು ಎಳೆದುಕೊಂಡಳು.

"ಅವಳನ್ನ ಮುಟ್ಟಿದ್ರೆ ಗೂಡಾಗೋವರೆಗೂ ಒಳಗೆ ಬರೋ ಹಾಗಿಲ್ಲ ಕಣೇ!" ಒಳಗಿನಿಂದ ಅಮ್ಮ ಕೂಗಿದಳು.

"ಜಗಲೀಲೇ ಇರ್ತೀನಿ ಬಿಡಮ್ಮ!"

ತಬ್ಬಿಕೊಂಡಳು. ಗಟ್ಟಿಯಾಗಿ... ಮೈ ಬೆಚ್ಚಗಿತ್ತು. ದೆವ್ವದ ಮೈ ಅಲ್ಲ.

"ಹುಳಕ್ಕೆ ಏನಾದ್ರೂ ಆದ್ರೆ ಗಂಗೂ?"

"ಹುಳಕ್ಕೆ ಅಮ್ಮ ಇದ್ದಾಳೆ. ನಿಂಗೆ ಯಾರೇ ಇದ್ದಾರೆ?"

ಅಖ್ತರಿ ಜೋಡಿ ಗೂಡನ್ನು ಗೆಳತಿಯ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಕೇಳಿಸ್ತಾ?"

"ವರ್ಷದಿಂದ ಇದನ್ನೇ ಕೇಳ್ತಿದೀನಿ ಕಣೇ... ಇವತ್ತು ಮಾತ್ರ ಭಯ ಆಗ್ಲಿಲ್ಲ."