ನಾಲೆಯೊಳಗಿನ ಸಿಗ್ನಲ್

ಕೊತ್ತತ್ತಿಯಲ್ಲಿ ಯಾರ ಫೋನೂ ಹತ್ತುತ್ತಿರಲಿಲ್ಲ. ಅಡ್ಡ ಬರುವ ಸಿಗ್ನಲ್ ಎಲ್ಲಿಯದೆಂದು ಹುಡುಕುವುದು ನನ್ನ ಕೆಲಸ. ಜೀಪಿನ ಮೇಲಿನ ನಾಲ್ಕು ಆಂಟೆನಾಗಳು ಹಿಡಿದ ದಿಕ್ಕನ್ನು ಪರದೆಯ ಬಾಣ ತೋರಿಸುತ್ತದೆ. ಮೂರು ಕಡೆ ನಿಂತು ಬಾಣದ ದಿಕ್ಕಿಗೆ ನಕ್ಷೆಯಲ್ಲಿ ಗೆರೆ ಎಳೆದೆ. ಮೂರೂ ನಾಲೆಯ ನಡುವೆ ಕೂಡಿದವು. ಅಲ್ಲಿ ಬರೀ ನೀರು. ದಡದ ಉರಿಬಿಸಿಲಲ್ಲೂ ನಮ್ಮ ಉಸಿರು ಹೊಗೆಯಂತೆ ಕಾಣುತ್ತಿತ್ತು.

“ಬುಡಕ್ಕಾ, ಓಗವ,” ಎಂದ ಡ್ರೈವರ್ ಸಿದ್ದರಾಮು.

“ಜ್ವರ ಬಂದು ಮಗ್ಳು ಒಬ್ಳೇ ಮನೇಲವ್ಳೆ ಕಣ್ಲಾ, ಅವ್ಳ ಫೋನು ಬರ್ಬೇಕು. ನಾನ್ಯಾಕ್ ಓಗ್ಲಿ? ಅದೇ ಓಗ್ಲಿ!” ನೀರಿಗೂ ಕೇಳುವಂತೆ ಕೂಗಿದೆ.

ಬಾಣ ನಿಧಾನವಾಗಿ ಮಂಡ್ಯದ ಕಡೆ ತಿರುಗಿತು. ಆಗಲೇ ಫೋನು ಬಂತು.

“ಅಮ್ಮಾ, ಜ್ವರ ಬುಡ್ತು. ಮನೆಯೆಲ್ಲಾ ತಣ್ಣಗಾಗೈತೆ.”

ಅಂದಿನಿಂದ ಮದ್ದೂರಿನಲ್ಲಿ ನಿಂತರೂ ಮಳವಳ್ಳಿಯಲ್ಲಿ ನಿಂತರೂ ಗೆರೆಗಳು ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲೇ ಕೂಡುತ್ತವೆ. ಈಗ ಮಗಳು ನಿದ್ರೆಯಲ್ಲಿದ್ದಾಳೆ. ಅವಳ ಕೈ ನಾಲೆಯ ನೀರಿನಷ್ಟು ತಣ್ಣಗಿದೆ. ನಾನದನ್ನು ಬಿಟ್ಟಿಲ್ಲ.