ಒದ್ದೆ ಟವೆಲಿನ ನಾಲ್ಕು ಸಾಲು

ಹನ್ನೊಂದೂಕಾಲಿಗೆ ಸತ್ತವಳು ಕೌಂಟರಿಗೆ ಬಂದಳು.

ಗಿಡ್ಡ ಕೂದಲು, ಮೂಗಿನ ಪಕ್ಕ ಮಚ್ಚೆ, ಕೈಯಲ್ಲಿ ಅಂದಿನ ಪತ್ರಿಕೆಯ ಏಳನೇ ಪುಟ.

"ಏನ್ರೀ, ಸತ್ತವರ ಸ್ಮರಣೆ ತಗೊಳ್ಳೋದು ಇಲ್ಲೇನಾ?"

"ಹೌದು, ಕೂತ್ಕೊಳ್ಳಿ. ಯಾರದ್ದು?"

"ನನ್ನದೇ." ಆಕೆ ಪುಟವನ್ನು ಗಾಜಿನ ಮೇಲೆ ಹರಡಿದಳು. "ಬೆಳಿಗ್ಗೆ ನಮ್ಮ ಚಿಕ್ಕಮ್ಮ ಫೋನ್ ಮಾಡಿದ್ರು. ನಾನು ಹಲೋ ಅಂದೆ. ಅವರು ಕಿಟಾರನೆ ಕಿರುಚಿ ಫೋನ್ ಬಿಸಾಡಿದ್ರು. ಫೋಟೋ ಚೆನ್ನಾಗಿ ಬಂದಿದೆ ಬಿಡಿ, ಅದು ಬೇರೆ ಮಾತು. ಆದ್ರೆ ಈ ಪದ್ಯ ಏನ್ರೀ? ನಮ್ಮನೇಲಿ ಸಾವಿರ ಜಗಳ ಆಗಿದೆ, ಟವೆಲ್‌ಗೆ ಅಂತ ಒಂದೂ ಆಗಿಲ್ಲ. ಆ ಮನುಷ್ಯ ಟವೆಲನ್ನ ಇಸ್ತ್ರಿ ಮಾಡಿದ ಹಾಗೆ ಮಡಿಸಿ ಇಡೋನು. ಯಾರ ಟವೆಲ್ ಇದು?"

ಯಾರ ಟವೆಲ್ ಎಂದು ಕೌಂಟರಿನ ಹಿಂದಿದ್ದವಳಿಗೆ ಗೊತ್ತಿತ್ತು. ಅದನ್ನು ಮೊದಲಿನಿಂದಲೇ ಹೇಳಬೇಕು.

ಪತ್ರಿಕೆ ಕಚೇರಿಯ ನೆಲಮಹಡಿಯಲ್ಲಿ ಎರಡು ಕೌಂಟರ್. ಒಂದರಲ್ಲಿ ಬಾಡಿಗೆ ಮನೆಗಳ ಜಾಹೀರಾತು ತೆಗೆದುಕೊಳ್ಳುವ ಬಾಡಿಗೆ ಅಕ್ಕ, ಇನ್ನೊಂದರಲ್ಲಿ ಅವಳು. ಅಕ್ಕನ ಬಳಿ ಮನೆ ಹುಡುಕುವವರು ಬರುತ್ತಿದ್ದರು, ಅವಳ ಬಳಿ ಮನೆ ಬರಿದಾದವರು. ನಿಧನ ವಾರ್ತೆ, ವರ್ಷ ವರ್ಷದ ಸ್ಮರಣೆ, ಫೋಟೋದ ಕೆಳಗೆ ನಾಲ್ಕು ಸಾಲು ಪದ್ಯ. ಪದ್ಯ ಬೇಕೆನ್ನುವವರಿಗೆ ಒಂದು ಫೈಲ್ ಇತ್ತು. ಆರಿದ ದೀಪ, ಬಾಡಿದ ಹೂ, ಮರೆಯಾದ ಚಂದ್ರ, ಬತ್ತದ ಕಣ್ಣೀರು, ಒಟ್ಟು ನಲವತ್ತೆರಡು. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು ಎಂದು ಅವಳನ್ನು ಅಲ್ಲಿ ಕೂರಿಸಿದ್ದರು. ಮೇಲಿನ ಮಹಡಿಯವರು ಇಟ್ಟ ಅಡ್ಡಹೆಸರು ಕಣ್ಣೀರು ಮೇಡಂ.

ಗಂಡ ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಹೋಗಿಬಿಟ್ಟು ಎರಡು ವರ್ಷವಾಗುತ್ತ ಬಂದಿತ್ತು. ಕಣ್ಣೀರು ಮೇಡಂ ಒಂದು ಹನಿ ಅತ್ತಿರಲಿಲ್ಲ. ಅವನ ಫೋಟೋದ ಕೆಳಗೆ ಒಂದು ಸಾಲು ಬರೆದಿರಲಿಲ್ಲ.

ಒಂದು ಗುರುವಾರ ಮೂರು ಗಂಟೆಗೆ ಅವಳ ಕೌಂಟರಿಗೆ ಒಬ್ಬ ಬಂದ. ಹೆಂಡತಿ ತೀರಿ ಮೂರು ವರ್ಷ, ಮುಂದಿನ ತಿಂಗಳು ಸ್ಮರಣೆ ಹಾಕಿಸಬೇಕು ಅಂದ. ಹೊಸ ಸಾವಾದರೆ ಮರಣ ಪ್ರಮಾಣಪತ್ರ ಕೇಳುತ್ತಿದ್ದರು. ವರ್ಷದ ಸ್ಮರಣೆಗೆ ಯಾರೂ ಏನೂ ಕೇಳುವುದಿಲ್ಲ. ಅವಳು ಫೈಲ್ ಕೊಟ್ಟಳು. ಅವನು ಒಂದೊಂದೇ ಹಾಳೆ ತಿರುವಿ ನಲವತ್ತೆರಡನ್ನೂ ಓದಿದ.

"ಇವರೆಲ್ಲ ಅಳ್ತಾರಲ್ಲ ಮೇಡಂ."

"ಸಾವಿನ ಪದ್ಯ. ಅಳದೆ ಇನ್ನೇನು ಮಾಡ್ತಾರೆ?"

"ಏನೂ ಮಾಡದೆ ಇರ್ತಾರೆ. ಅಂಥವರಿಗೆ ಒಂದೂ ಇಲ್ವಾ?"

ಅವಳ ಪೆನ್ನು ನಿಂತಿತು. ತಲೆಯೆತ್ತಿದರೆ ಅವನು ಅವಳ ಕಣ್ಣನ್ನೇ ನೋಡುತ್ತಿದ್ದ.

"ನೀವು ರೆಪ್ಪೆ ಬಡಿಯೋದು ಕಡಿಮೆ," ಅಂದ. "ಕಣ್ಣು ಒಣಗಿದೆ. ತಪ್ಪು ತಿಳ್ಕೋಬೇಡಿ, ಕನ್ನಡಕದ ಅಂಗಡಿ ನನ್ನದು. ಮನುಷ್ಯರನ್ನ ನೋಡೋದಕ್ಕಿಂತ ಮೊದಲು ಕಣ್ಣು ನೋಡಿಬಿಡ್ತೀನಿ."

"ನಮ್ಮ ಅತ್ತೆಯ ದೂರೂ ಅದೇ."

ಅವನು ನಕ್ಕ. ತಾನು ತಮಾಷೆ ಮಾಡಿದ್ದು ಅವಳಿಗೆ ಆಮೇಲೆ ಗೊತ್ತಾಯಿತು.

ಮುಂದಿನ ಗುರುವಾರ ಮತ್ತೆ ಬಂದ. ಗುರುವಾರ ಅವನ ಅಂಗಡಿಗೆ ರಜೆ. ಮೊದಲ ಸಾಲು ಹೊಳೆದಿದೆಯಾ ಎಂದು ಕೇಳುವ ನೆಪ. ಅದರ ಮುಂದಿನ ವಾರ ನೆಪವೂ ಇರಲಿಲ್ಲ.

"ಪದ್ಯದಲ್ಲಿ ದುಃಖ ಅಂದ್ರೆ ಯಾವಾಗಲೂ ಮಳೆ, ಹೊಳೆ, ಕಡಲು," ಅಂದ ಒಮ್ಮೆ. "ನನಗೆ ಬಂದದ್ದು ಹಾಗಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತಲ್ಲ, ಹಾಗೆ. ಇದೆ. ನನ್ನದೇ. ಕಚ್ಚಿದ್ರೂ ಗೊತ್ತಾಗಲ್ಲ."

"ಅದನ್ನ ಬರೆದ್ರೆ ಜನ ನಗ್ತಾರೆ."

"ನಗಲಿ ಬಿಡಿ. ಒಬ್ಬರಾದ್ರೂ ಹೌದು ಅಂತಾರೆ."

"ಹೌದು," ಅಂದಳು ಅವಳು. ಎರಡು ವರ್ಷದಲ್ಲಿ ಅಷ್ಟು ದೊಡ್ಡ ಮಾತು ಅವಳು ಆಡಿರಲಿಲ್ಲ.

ನಾಲ್ಕನೇ ಗುರುವಾರ ಮೂರು ಫ್ರೇಮ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಅವಳು ಫಾರಂಗಳನ್ನು ಮೂಗಿಗೆ ಹತ್ತಿರ ಹಿಡಿಯುವುದನ್ನು ನೋಡಿದ್ದನಂತೆ. ತಾನೇ ಒಂದನ್ನು ಅವಳ ಕಿವಿಗೇರಿಸಿದ. ಬೆರಳು ತಾಗಿತು, ತಕ್ಷಣ ಹಿಂದಕ್ಕೆ ಹೋಯಿತು.

"ಕಣ್ಣು ನನ್ನ ಕಡೆ ಇರಲಿ."

"ಇದೆಯಲ್ಲ."

"ಇಲ್ಲ. ಬಾಗಿಲ ಕಡೆ ಇದೆ."

ಅವಳು ಬಾಗಿಲಿನಿಂದ ಕಣ್ಣು ತೆಗೆದು ಅವನ ಮುಖದ ಮೇಲಿಟ್ಟಳು. ಕನ್ನಡಕದವನು ಅಳತೆ ನೋಡುವ ಹಾಗೆ ಒಂದು ಗಳಿಗೆ ನೋಡಿದ. ಅದರ ನಂತರದ ಗಳಿಗೆ ಅಳತೆಗೆ ಸೇರಿದ್ದಾಗಿರಲಿಲ್ಲ.

"ನಾಲ್ಕು ಸಾಲಿಗೆ ನಾಲ್ಕು ಗುರುವಾರನಾ?" ಪಕ್ಕದ ಕೌಂಟರಿನಿಂದ ಬಾಡಿಗೆ ಅಕ್ಕ ಗೊಣಗಿದಳು. "ಅಷ್ಟರಲ್ಲಿ ನಾನು ಒಂದು ಇಡೀ ಬೀದಿ ಬಾಡಿಗೆಗೆ ಕೊಡ್ತೀನಿ."

ಐದನೇ ಗುರುವಾರ ಎದುರಿನ ಟೀ ಅಂಗಡಿಯಲ್ಲಿ ಕೂತಾಗ ಅವಳು ಟವೆಲ್ ವಿಷಯ ಹೇಳಿದಳು. ಗಂಡ ದಿನಾ ಒದ್ದೆ ಟವೆಲನ್ನು ಹಾಸಿಗೆ ಮೇಲೆ ಬಿಸಾಡುತ್ತಿದ್ದದ್ದು. ಕಡೆಯ ದಿನವೂ ಬೈದದ್ದು. ಅವನು ಉತ್ತರ ಕೊಡದೆ, ಶೂ ಹಾಕಿಕೊಂಡು, ಬಸ್ಸಿಗೆ ಹೋದದ್ದು. ಯಾರಿಗೂ ಹೇಳಿರಲಿಲ್ಲ, ಅತ್ತೆಗೂ. ಹೇಳುತ್ತ ಹೇಳುತ್ತ ಫಾರಂ ಹಿಂದೆ ಬರೆದುಬಿಟ್ಟಳು:

ಒದ್ದೆ ಟವೆಲಿಗಾಗಿ ಜಗಳವಾಡಿದ ಮನೆ ಇದು.
ಈಗ ಹಾಸಿಗೆ ಒಣಗಿದೆ, ಟವೆಲ್ ಒಣಗಿದೆ,
ನನ್ನ ಕಣ್ಣೂ ಒಣಗಿದೆ.
ಬಾ, ಒಂದನ್ನಾದರೂ ಒದ್ದೆ ಮಾಡು.

ಅವನು ಓದಿ ಕಾಗದವನ್ನು ಅವಳ ಕಡೆಗೇ ಸರಿಸಿದ. "ಇದು ನಿಮ್ಮದು. ನಿಮ್ಮವರಿಗೇ ಇಟ್ಕೊಳ್ಳಿ."

"ಅವರ ಹೆಸರಿನ ಕೆಳಗೆ ನನ್ನ ಕೈ ಓಡಲ್ಲ. ನಿಮ್ಮವರ ಹೆಸರಿನ ಕೆಳಗಾದ್ರೆ ಓಡುತ್ತೆ. ತಗೊಳ್ಳಿ. ನೀವು ಅಂತ ಕೊಡ್ತಿದೀನಿ."

ಅವನ ಬಾಯಿ ತೆರೆಯಿತು. ಏನೋ ಹೇಳುವವನಿದ್ದ. ಟೀ ಬಂತು. ಅವನು ಕಾಗದ ಮಡಿಸಿ ಜೇಬಿಗಿಟ್ಟುಕೊಂಡ.

ಅದು ಅಚ್ಚಾಗಿ ಬಂದ ಬೆಳಿಗ್ಗೆ ಅತ್ತೆ ಎಂದಿನಂತೆ ಭೂತಗನ್ನಡಿ ಹಿಡಿದು ಏಳನೇ ಪುಟ ಓದುತ್ತಿದ್ದರು. ಒಂದು ಕಡೆ ಭೂತಗನ್ನಡಿ ನಿಂತಿತು.

"ಇದು ನನ್ನ ಮಗನ ಟವೆಲ್."

ಅವಳು ಒಲೆಯ ಕಡೆ ತಿರುಗಿಯೇ ನಿಂತಳು.

"ಊರಿಗೆಲ್ಲ ಬರೀತೀಯ, ನನ್ನ ಮಗನಿಗೆ ಮಾತ್ರ ಕೈ ಬರಲ್ಲ ಅಂತಿದ್ದೆ. ಬಂದಿದೆಯಲ್ಲ ಕೈ. ಅದನ್ನ ಯಾವಳಿಗೋ ಕೊಟ್ಟುಬಿಟ್ಟೆಯಲ್ಲೇ."

"ಅವರೂ ನಮ್ಮ ಹಾಗೇ ಅತ್ತೆ. ಹೆಂಡತೀನ ಕಳಕೊಂಡವರು."

ಅತ್ತೆ ಫೋಟೋವನ್ನು ನೋಡಿದರು. "ಪಾಪ," ಅಂದರು. "ಚಿಕ್ಕ ವಯಸ್ಸು."

ಅದಾಗಿ ನಾಲ್ಕು ತಾಸಿಗೆ, ಹನ್ನೊಂದೂಕಾಲಿಗೆ, ಆ ಪಾಪದವಳು ಕೌಂಟರಿನ ಮುಂದೆ ನಿಂತು ಯಾರ ಟವೆಲ್ ಎಂದು ಕೇಳುತ್ತಿದ್ದಳು.

"ನಮ್ಮ ಯಜಮಾನರದ್ದು," ಅಂದಳು ಅವಳು. "ಅವರು ನಿಜವಾಗಿಯೂ ತೀರಿಕೊಂಡವರು."

ಬಾಡಿಗೆ ಅಕ್ಕನ ಟೈಪಿಂಗ್ ನಿಂತುಹೋಯಿತು. ಬಂದವಳು ಅವಳ ಮುಖವನ್ನೇ ನೋಡಿದಳು. ದೂರು ಕೊಡಲು ಬಂದಿದ್ದ ಜೋರು ನಿಧಾನವಾಗಿ ಇಳಿಯಿತು.

"ಅಯ್ಯೋ. ನಿಮಗೂ ಸತ್ತಳು ಅಂತಾನೇ ಹೇಳಿದ್ನಾ? ನಾನು ಬಿಟ್ಟು ಬಂದು ಮೂರು ವರ್ಷ ಆಯ್ತು ಕಣ್ರೀ. ಒಂದು ಸೂಟ್‌ಕೇಸ್ ತಗೊಂಡು ಬಂದೆ, ಅಷ್ಟೇ. ಕೆಟ್ಟವನಲ್ಲ. ಬಾಯಿ ಬಿಡಲ್ಲ, ಅದೇ ಅವನ ರೋಗ." ಪತ್ರಿಕೆ ಮಡಿಸಿದಳು. "ಪದ್ಯ ಮಾತ್ರ ಚೆನ್ನಾಗಿದೆ. ನಿಜವಾಗ್ಲೂ ಯಾರೋ ಸತ್ತ ಹಾಗಿದೆ."

ಮಧ್ಯಾಹ್ನ ಅವಳು ಅವನ ಅಂಗಡಿಗೆ ಹೋದಳು. ಕುರ್ಚಿಯಲ್ಲಿ ಒಬ್ಬ ಅಜ್ಜ ಕೂತು ಗೋಡೆಯ ಅಕ್ಷರ ಓದುತ್ತಿದ್ದರು. ಅವಳನ್ನು ನೋಡಿ ಅವನ ಮುಖ ಬೆಳಗಿತು. ಆಮೇಲೆ ಅವಳ ಮುಖ ನೋಡಿ ಆರಿತು.

"ಇವತ್ತು ನಿಮ್ಮ ಹೆಂಡತಿ ಬಂದಿದ್ರು," ಅಂದಳು. "ಆರೋಗ್ಯವಾಗಿದ್ದಾರೆ."

ಅಜ್ಜ ಓದುವುದನ್ನು ನಿಲ್ಲಿಸಿದರು.

"ಕೂತ್ಕೊಳ್ಳಿ, ಹೇಳ್ತೀನಿ..."

"ನಿಂತೇ ಕೇಳ್ತೀನಿ."

ಅವನು ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ಇದ್ದ. "ಬಿಟ್ಟು ಹೋದಳು ಅಂದ್ರೆ ಜನ ನನ್ನ ಮುಖದಲ್ಲಿ ತಪ್ಪು ಹುಡುಕ್ತಾರೆ. ಒಂದು ದಿನ ಒಬ್ಬ ಗಿರಾಕಿಗೆ ತೀರಿಹೋದಳು ಅಂದೆ. ಅವರು ನನ್ನ ಕೈ ಹಿಡ್ಕೊಂಡ್ರು. ಅದುವರೆಗೆ ಯಾರೂ ಹಿಡ್ಕೊಂಡಿರಲಿಲ್ಲ. ಬಿಟ್ಟುಹೋದವರಿಗೆ ನಿಮ್ಮ ಪತ್ರಿಕೇಲಿ ಒಂದು ಕಾಲಂ ಇಲ್ಲ, ಮೇಡಂ. ನನಗೂ ಎಲ್ಲಾದ್ರೂ ಬರೆಸಬೇಕಿತ್ತು."

"ಅದು ಮೊದಲನೇ ಗುರುವಾರ. ಐದನೇ ಗುರುವಾರ?"

"ಹೇಳಿದ್ರೆ ನೀವು ಎದ್ದು ಹೋಗ್ತೀರ ಅಂತ ಹೆದರಿಕೆ. ನಿಮ್ಮ ಮೇಲೆ..." ಅವನು ಗಾಜನ್ನು ಕೆಳಗಿಟ್ಟ. "ತುಟಿಯ ಮಾತು ಸುಳ್ಳಲ್ಲ. ನಿಮ್ಮ ಹತ್ತಿರ ಕೂತಾಗ ಆ ಜೋಮು ಬಿಡ್ತಿತ್ತು. ಅದೂ ಸುಳ್ಳಲ್ಲ."

"ನನ್ನ ಹತ್ತಿರ ನಾಲ್ಕೇ ಸಾಲಿತ್ತು!" ಅವಳ ದನಿ ಅವಳಿಗೇ ಹೊಸದಾಗಿತ್ತು. "ಎರಡು ವರ್ಷ ಅವರ ತಾಯಿಗೂ ಕೊಟ್ಟಿರಲಿಲ್ಲ. ನಿಮಗೆ ಕೊಟ್ಟೆ. ನೀವು ಅದನ್ನ ಬದುಕಿರೋಳ ತಲೆ ಮೇಲಿಟ್ರಿ. ನನ್ನ ಗಂಡನ ಸಾವನ್ನ ಬಾಡಿಗೆಗೆ ತಗೊಂಡ ಹಾಗಾಯ್ತಲ್ರೀ!"

ಗೋಡೆಯ ದೊಡ್ಡ ಅಕ್ಷರ ಮೊದಲು ಕದಡಿತು, ಆಮೇಲೆ ಚಿಕ್ಕವು. ಅವನು ಮಾಡಿಕೊಟ್ಟ ಹೊಸ ಕನ್ನಡಕ ಮಂಜಾಯಿತೇ ಎಂದು ತೆಗೆದಳು. ಗಾಜು ಒದ್ದೆಯಾಗಿತ್ತು. ಕೆನ್ನೆಯೂ.

ಅವನು ಅಭ್ಯಾಸಬಲದಿಂದ ಒರೆಸುವ ಬಟ್ಟೆ ಚಾಚಿದ.

"ಮುಟ್ಟಬೇಡಿ."

ಒಂದನ್ನಾದರೂ ಒದ್ದೆ ಮಾಡು ಎಂದು ಅವಳು ಕರೆದದ್ದು ಒಬ್ಬನನ್ನು. ಬಂದು ಮಾಡಿದವನು ಇನ್ನೊಬ್ಬ, ಅದೂ ಹೀಗೆ. ಆ ಒಂದು ಕಾರಣಕ್ಕೆ ಅವನನ್ನು ಎಂದಿಗೂ ಕ್ಷಮಿಸಬಾರದು ಅನ್ನಿಸಿತು. ಕನ್ನಡಕವನ್ನು ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟು ಹೊರಗೆ ಬಂದಳು. ಬೀದಿಯುದ್ದಕ್ಕೂ ಅಳುತ್ತ ನಡೆದಳು. ಯಾವ ಪದ್ಯದಲ್ಲೂ ಹೇಳದಷ್ಟು ಮೂಗು ಸೋರಿತು.

ಗುರುವಾರ ಮೂರು ಗಂಟೆಗೆ ಅವನು ಕೌಂಟರಿಗೆ ಬಂದ. ಬಾಡಿಗೆ ಅಕ್ಕ ಕುರ್ಚಿಯನ್ನು ಸದ್ದಾಗುವಂತೆ ಎಳೆದುಕೊಂಡು ಕಾವಲಿಗೆ ಕೂತಳು. ಅವನು ಕೊಟ್ಟದ್ದು ಎರಡನೇ ಪುಟದ ತಿದ್ದುಪಡಿ ಅಂಕಣಕ್ಕೆ ಒಂದು ಹಾಳೆ. ಹೆಸರು, ಊರು, ಅಂಗಡಿಯ ವಿಳಾಸ ಎಲ್ಲ ಬರೆದಿದ್ದ.

'ಏಳನೇ ಪುಟದಲ್ಲಿ ನಾನು ಸ್ಮರಿಸಿದವರು ಬದುಕಿದ್ದಾರೆ. ನನ್ನನ್ನು ಬಿಟ್ಟು ಹೋದರು, ಅಷ್ಟೇ. ಆ ಪದ್ಯ ನನ್ನ ಮನೆಯದಲ್ಲ. ನಿಜವಾಗಿ ಕಳೆದುಕೊಂಡವರೊಬ್ಬರಿಂದ ಸುಳ್ಳು ಹೇಳಿ ಪಡೆದದ್ದು. ಕ್ಷಮಿಸಿ ಎನ್ನಲು ನನ್ನೆದೆಯ ಕಡಲು ಉಕ್ಕಿ ಬರುತ್ತಿದೆ.'

ಅವಳು ಕೆಂಪು ಪೆನ್ನು ತೆಗೆದುಕೊಂಡು ಕೊನೆಯ ವಾಕ್ಯ ಹೊಡೆದುಹಾಕಿದಳು.

"ಕಡಲು ಬೇಡ ಅಂದವರು ನೀವೇ."

"ಹೌದು," ಅಂದ. "ಅದು ಅಚ್ಚಾದ್ರೆ ಅಂಗಡಿಗೆ ಯಾರೂ ಬರಲಿಕ್ಕಿಲ್ಲ. ಬರದಿದ್ರೂ ಸರಿ." ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ಗಾಜಿನ ಮೇಲಿಟ್ಟ. "ಇದು ನಿಮ್ಮ ಕಣ್ಣಿನ ನಂಬರು. ಇನ್ಯಾರಿಗೂ ಆಗಲ್ಲ. ನನ್ನ ಮೇಲಿನ ಸಿಟ್ಟಿಗೆ ಕಣ್ಣು ಕೆಡಿಸ್ಕೋಬೇಡಿ." ಸ್ವಲ್ಪ ತಡೆದು ಕೇಳಿದ, "ಮುಂದಿನ ಗುರುವಾರ ಬರಬಹುದಾ?"

"ಸತ್ತವರು ಯಾರಾದ್ರೂ ಇದ್ರೆ ಬನ್ನಿ."

ಅವನು ಬಾಗಿಲವರೆಗೆ ಹೋಗಿ ತಿರುಗಿ ನೋಡಿದ. ಅವಳ ಕಣ್ಣು ಹಾಳೆಯ ಮೇಲಿತ್ತು. ರೆಪ್ಪೆ ಪಟಪಟನೆ ಬಡಿಯುತ್ತಿತ್ತು. ಕನ್ನಡಕದವನು ಅದನ್ನು ನೋಡದೆ ಇರಲಾರ. ನೋಡಿ, ಹೋದ.

ಮಾರನೇ ದಿನ ಅತ್ತೆ ಎರಡನೇ ಪುಟದ ಮೇಲೆ ಭೂತಗನ್ನಡಿ ಇಟ್ಟುಕೊಂಡು ತುಂಬ ಹೊತ್ತು ಕೂತರು.

"ಇವನೇನಾ?"

"ಹೂಂ."

"ಥೂ ಅವನ." ಇನ್ನೊಮ್ಮೆ ಓದಿದರು. "ಮರ್ಯಾದೆ ಬಿಟ್ಟು ಹಾಕಿಸಿದ್ದಾನೆ, ಅದೊಂದು."

ಅವಳು ಅವರ ಪಕ್ಕ ಕೂತಳು. "ಅತ್ತೆ, ನನಗೆ ಅವರು ಇಷ್ಟವಾಗಿದ್ರು."

"ಗೊತ್ತು. ನನ್ನ ಮಗನ ಟವೆಲ್ ಸುಮ್ನೆ ಯಾರಿಗೋ ಕೊಡ್ತೀಯಾ ನೀನು?"

ಆಮೇಲೆ ಇಬ್ಬರೂ ಅತ್ತರು. ಮೊದಲು ಯಾರು ಶುರು ಮಾಡಿದ್ದು ಎಂದು ಗೊತ್ತಾಗಲಿಲ್ಲ.

"ಆ ಪದ್ಯ ಇನ್ನು ನನ್ನ ಮಗನಿಗೆ ಬೇಡ," ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು. "ಬೇರೆಯವರು ಹೊದ್ದು ಬಿಟ್ಟದ್ದು. ಹೊಸದು ಬರಿ. ಅವಸರ ಇಲ್ಲ. ಅವನೆಲ್ಲಿ ಹೋಗ್ತಾನೆ."

ಆ ಭಾನುವಾರ ಅವಳು ತಲೆಗೆ ಸ್ನಾನ ಮಾಡಿ ಬಂದಳು. ಟವೆಲನ್ನು ಕೊಕ್ಕೆಗೆ ಹಾಕಲು ಕೈಯೆತ್ತಿ, ಹಾಕಲಿಲ್ಲ. ಹಾಸಿಗೆಯ ಗಂಡನ ಬದಿಗೆ ಬಿಸಾಡಿದಳು. ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕೂತಳು.

ಎರಡು ವರ್ಷ ನಿನ್ನ ಮೇಲೆ ಸಿಟ್ಟೇ ಬರಲಿಲ್ಲ.
ಈಗ ಬಂದಿದೆ. ಹೇಳದೆ ಹೋದವನು ನೀನೂ ಹೌದಲ್ಲ.
ನೋಡು, ಟವೆಲ್ ಒದ್ದೆಯಾಗಿದೆ.

ಒಳಗಿನಿಂದ ಅತ್ತೆಯ ಕೂಗು ಕೇಳಿಸಿತು. "ಏನೇ ಇದು! ಒದ್ದೆ ಟವೆಲನ್ನ ಹಾಸಿಗೆ ಮೇಲೆ ಯಾರೇ ಹಾಕಿದ್ದು? ಬುದ್ಧಿ ಬೇಡವಾ ನಿನಗೆ?"

ಬೈಸಿಕೊಳ್ಳುತ್ತಲೇ ಅವಳು ನಾಲ್ಕನೇ ಸಾಲು ಬರೆದಳು.

ಹಾಸಿಗೆ ಮೇಲೆ ನಾನೇ ಹಾಕಿದ್ದೇನೆ.