ಮೊದಲ ತುತ್ತಿನ ಚಾಕರಿ

“ಅದರಾಗ ನೀರ ಕುಡೀಬ್ಯಾಡ್ರಿ ಅಕ್ಕೋರ. ನಿಮ್ಮ ಕಾಲ ಬೀಳ್ತೇನಿ.”

ವಾಡೆಯ ಕೀಲಿ ಕಾಯುವ ಸಾತವ್ವ ಹೊಸ್ತಿಲಾಚೆಯೇ ನಿಂತಿದ್ದಳು. ಒಳಗೆ ಬಾವಲಿ ಹಿಕ್ಕೆಯ ಘಾಟು, ನೆನೆದ ಮಣ್ಣಿನ ವಾಸನೆ. ಹುಕ್ಕೇರಿ ಕಡೆಯ ಆ ದೇಸಾಯರ ವಾಡೆಯಲ್ಲಿ ಹಾಡುಹಗಲಲ್ಲೂ ಮೊಬೈಲಿನ ಬೆಳಕು ಬೇಕಿತ್ತು. ಹಳೆಯ ಸಾಮಾನು ನೋಡಲು ಬಂದಿದ್ದ ನೇತ್ರಾ ಕಂಚಿನ ಬಟ್ಟಲನ್ನು ಸೆರಗಿನಿಂದ ಒರೆಸುತ್ತ, “ಯಾಕಮ್ಮ?” ಅಂದಳು.

“ಯಾರರ ವಿಷ ಇಟ್ಟಾರು ಅಂತ, ಮೊದಲ ರುಚಿ ನೋಡಾಕ ದೇಸಾಯರು ಒಬ್ಬಾಂವನ್ನ ಇಟ್ಕೊಂಡಿದ್ರು. ಇದು ಅವನ ಬಟ್ಟಲಾ. ಸಾಯೂ ಮುಂದ ದೇಸಾಯರು ಇದಕ್ಕ ಮಾಟ ಮಾಡಿಸ್ಯಾರ. ಇದರಾಗ ಕುಡದಾವ್ರು ಆ ಚಾಕರಿ ಮಾಡಬೇಕು.”

ಓದಿದವರಿಗೆ ಎಚ್ಚರಿಕೆ ಕೇಳಿದರೆ ಮೊದಲು ಬರುವುದು ನಗು. ನೇತ್ರಾ ತುಮಕೂರಿನಿಂದ ವರ್ಗವಾಗಿ ಬಂದ ಇತಿಹಾಸದ ಉಪನ್ಯಾಸಕಿ. ಪೋಲೆಂಡ್–ಲಿಥುವೇನಿಯಾದ ಸರದಾರರ ಆಸ್ಥಾನದ ಹುದ್ದೆಗಳ ಮೇಲೆ ಪುಸ್ತಕ ಬರೆಯುತ್ತಿದ್ದಳು. ಅಲ್ಲೂ ಇಂಥವರಿದ್ದರು. ದೊರೆಯ ಖಡ್ಗ ಹಿಡಿಯುವವನು, ಊಟದ ಮೇಜು ನೋಡಿಕೊಳ್ಳುವವನು, ಪಾನದ ಬಟ್ಟಲು ಕೊಡುವ ಚೆಶ್ನಿಕ್. ಕಾಲ ಕಳೆದಂತೆ ಕೆಲಸ ಹೋಗಿ ಪದವಿಯಷ್ಟೇ ಉಳಿಯಿತು. ಬಟ್ಟಲು ಮುಟ್ಟದವನೂ ತಾನು ಚೆಶ್ನಿಕ್ ಎಂದು ಮೀಸೆ ತಿರುವುತ್ತಿದ್ದ.

“ಸತ್ತ ದೊರೆಗೆ ಎಂಥ ಚಾಕರಿಯಮ್ಮ, ಬರೀ ಹೆಸರು,” ಎಂದವಳೇ ಬಾಟಲಿಯ ನೀರು ಸುರಿದು ಗಟಗಟ ಕುಡಿದಳು. ಪುಣೆಯಲ್ಲಿದ್ದ ಮಾಲೀಕರನ್ನು ಫೋನಿನಲ್ಲಿ ಕೇಳಿ, ಫೋಟೊ ತೆಗೆಯಲೆಂದು ಬಟ್ಟಲನ್ನು ಗೋಕಾಕ ಫಾಲ್ಸ್‌ನ ತನ್ನ ಬಾಡಿಗೆ ಕೋಣೆಗೂ ತಂದಳು.

ಅಲ್ಲಿ ಅವಳಿಗೆ ಯಾರೂ ಇರಲಿಲ್ಲ. ಗಿರಣಿಯ ಭೋಂಗಾದ ಕೂಗು, ಧಬಧಬೆ ಜಲಪಾತದ ಮೊರೆತ, ಅಷ್ಟೇ. ಎರಡು ವರ್ಷದ ಹಿಂದೆ ತಾಯಿ ತೀರಿಕೊಂಡ ಮೇಲೆ ಅಡುಗೆ ಒಂದೇ ತಾಟಿಗೆ. ಆ ಸಂಜೆ ರೊಟ್ಟಿಗೆ ಪುಂಡಿಪಲ್ಯ ಹಚ್ಚಿ ಬಾಯಿಗಿಟ್ಟಳು. ರುಚಿಯಾಗಿತ್ತು. ಎರಡನೆಯ ತುತ್ತು ಬೂದಿ. ಉಗುಳಿದರೆ ಬಂದದ್ದೂ ಬೂದಿಯೇ. ಎದುರಿಗೆ, ಯಾರೂ ಇಲ್ಲದ ಗೋಡೆಯ ಪಕ್ಕ, ನಿಧಾನವಾಗಿ ಅಗಿಯುವ ಸದ್ದು ಕೇಳಿಸಿತು.

ಹದಿನೈದು ದಿನ ಹೀಗೇ ಕಳೆಯಿತು. ಏನೇ ತಿಂದರೂ, ಎಲ್ಲೇ ತಿಂದರೂ, ಹೊತ್ತಿಗೆ ಒಂದೇ ತುತ್ತು ಅವಳದು. ಬಳೆಗಳು ಮೊಣಕೈಗೆ ಜಾರಿದವು. ಕಾಲೇಜಿನಲ್ಲಿ ಒಬ್ಬರೂ ಅದನ್ನು ಗಮನಿಸಲಿಲ್ಲ, ಅವಳಿಗೆ ಹಸಿವಿಗಿಂತ ಅದೇ ಹೆಚ್ಚು ನೋಯಿಸಿತು. ಕೊನೆಗೆ ಸಾತವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

“ಬಟ್ಟಲಾ ಒಡೀರಿ ಅಕ್ಕೋರ, ದೇಸಾಯರು ಬಿಟ್ಟ ಹೋಗ್ತಾರ. ಕುಡದಾವ್ರ ಒಡೀಬೇಕು. ಇಲ್ಲಾಂದ್ರ ಉಪಾಸ ಬಿದ್ದ ಸಾಯ್ತೀರಿ. ನಿಮಗಿಂತ ಮೊದಲ ಇಬ್ರು ಹಂಗ ಸತ್ರು.”

“ಅವರು ಯಾಕೆ ಒಡೆಯಲಿಲ್ಲ?”

“ಅದ ಯಾರಿಗೂ ಗೊತ್ತಿಲ್ರಿ.”

ಎಂಥ ದಡ್ಡರು ಎನಿಸಿತು ನೇತ್ರಾಳಿಗೆ. ಪೋಲೆಂಡಿನಲ್ಲೂ ದೊರೆಯ ಶವಸಂಸ್ಕಾರದಂದು ಅಧಿಕಾರಿಗಳು ತಮ್ಮ ದಂಡ ಮುರಿಯುತ್ತಿದ್ದರು. ಮುರಿದರೆ ಚಾಕರಿ ಮುಗಿದಂತೆ.

ಕತ್ತಲಾಗುವ ಹೊತ್ತಿಗೆ ಕರೆಂಟು ಹೋಯಿತು. ಬಟ್ಟಲನ್ನು ನೆಲಕ್ಕಿಟ್ಟಳು. ರುಬ್ಬುವ ಗುಂಡು ಎತ್ತಿದಳು. ಹಳೆಯ ಅತ್ತರಿನ ವಾಸನೆ. ಯಾರದೋ ಉಸಿರು. ಹತ್ತಿರ. ಇನ್ನೂ ಹತ್ತಿರ. ಕಿವಿಯ ಪಕ್ಕದಲ್ಲೇ ಮುದಿ ದನಿಯೊಂದು ಮೆಲ್ಲಗೆ ಕೇಳಿತು.

“ಉಂಡಿ ಏನ ಮಗಳ?”

ಯಾರಾದರೂ ಅವಳನ್ನು ಹಾಗೆ ಕೇಳಿ ಎರಡು ವರ್ಷವಾಗಿತ್ತು. ನೇತ್ರಾ ಬಿಕ್ಕಿಬಿಕ್ಕಿ ಅತ್ತಳು.

ಗುಂಡನ್ನು ಕೆಳಗಿಟ್ಟಳು. ಕತ್ತಲಲ್ಲೇ ತಡಕಾಡಿ, ಮಾಡಿಟ್ಟಿದ್ದ ರೊಟ್ಟಿಯ ತಾಟು ಎಳೆದುಕೊಂಡು ಒಂದು ತುತ್ತು ತಿಂದಳು. ಉಳಿದದ್ದನ್ನು ದನಿ ಬಂದ ಕಡೆಗೆ ಸರಿಸಿ, “ಚೆನ್ನಾಗಿದೆ, ನೀವು ಊಟ ಮಾಡಿ,” ಎಂದಳು.